‘ಗೂಬೆ ಬುದ್ಧಿವಂತ ಅಂದ್ರೆ ವ್ಯಂಗ್ಯ ತಾನೇ ಅಮ್ಮಾ?’

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಏಳರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದಳು. ಎಂಟಕ್ಕೆ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಗಣಿತ, ವಿಜ್ಞಾನ ಹೇಗೋ ಸರಿಹೋಯಿತು, ಇಂಗ್ಲಿಷ್ ಮಾತ್ರ ಕೈಗೆ ಹತ್ತುತ್ತಿಲ್ಲ. ಫಿಗರ್ಸ್ ಆಫ್ ಸ್ಪೀಚ್, ಅಂದರೆ ಅಲಂಕಾರಗಳ ಪಟ್ಟಿ ಬಾಯಿಪಾಠ ಬರುತ್ತದೆ, ಸಾಲು ಕೊಟ್ಟರೆ ತಪ್ಪು ಬರೆಯುತ್ತಾಳೆ. ಮೊನ್ನೆ ಟೆಸ್ಟಿನಲ್ಲಿ ‘ಅವರ್ ಟೀಚರ್ ಈಸ್ ಎ ವೈಸ್ ಓಲ್ಡ್ ಔಲ್’ ಎಂಬ ಸಾಲಿಗೆ ‘ಐರನಿ, ಟೀಚರನ್ನು ಬೈಯುತ್ತಿದ್ದಾರೆ’ ಎಂದು ಬರೆದು ಸೊನ್ನೆ ತಂದಳು. ಕೇಳಿದರೆ ‘ಗೂಬೆ ಬುದ್ಧಿವಂತ ಅಂದ್ರೆ ವ್ಯಂಗ್ಯ ತಾನೇ ಅಮ್ಮಾ’ ಅಂತಾಳೆ. ಉಸಿರು ನಿಲ್ಲುವ ಕಡೆ ಕಾಮಾ ಹಾಕು ಎಂದು ಹೇಳಿಕೊಟ್ಟಿದ್ದಾರಂತೆ, ಈಗ ಎಲ್ಲೆಂದರಲ್ಲಿ ಕಾಮಾ. ದಿನಕ್ಕೆ ಹತ್ತು ಪದ ಡಿಕ್ಷನರಿ ನೋಡಿ ಬರೆಸುತ್ತಿದ್ದೇನೆ, ವಾರದಲ್ಲಿ ಮರೆಯುತ್ತಾಳೆ. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಅಂತಾರೆ ನೆಂಟರು. ನನಗೇ ಅಷ್ಟು ಬರುವುದಿಲ್ಲ. ಟ್ಯೂಷನ್ನಿಗೆ ಹಾಕಲೋ, ಆ್ಯಪ್ ಕೊಡಿಸಲೋ? ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತಾ?

ಉತ್ತರ: ಗೂಬೆಯಿಂದಲೇ ಶುರು ಮಾಡೋಣ. ಸೊನ್ನೆ ಬಂದಿದೆ ನಿಜ, ಕೀ ಆನ್ಸರ್‌ನಲ್ಲಿ ‘ಮೆಟಫರ್’ ಎಂದಿದ್ದರೆ ಟೀಚರಾದರೂ ಏನು ಮಾಡಿಯಾರು. ಆದರೆ 26 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದ ನನಗೆ ಇದು ದಡ್ಡ ಹುಡುಗಿಯ ಉತ್ತರ ಅನ್ನಿಸುವುದಿಲ್ಲ. ನಮ್ಮಲ್ಲಿ ಗೂಬೆ ಅಂದರೆ ಬೈಗುಳ. ಮನೆ ಮೇಲೆ ಕೂತರೆ ಅಪಶಕುನ, ಯಾರ ಮೇಲಾದರೂ ಸುಮ್ನೆ ತಪ್ಪು ಹೊರಿಸಿದರೆ ‘ಗೂಬೆ ಕೂರಿಸಿದ’ ಅನ್ನುತ್ತೇವೆ. ಅಂಥ ಗೂಬೆಯ ಹಿಂದೆ ‘ವೈಸ್’ ಬಂದರೆ ಕನ್ನಡದ ಕಿವಿಗೆ ಅದು ವ್ಯಂಗ್ಯವೇ. ಗ್ರೀಕರಿಗೆ ಮಾತ್ರ ಗೂಬೆ ಎಂದರೆ ಅಥೀನಾ ಎಂಬ ಜ್ಞಾನದೇವತೆಯ ಹಕ್ಕಿ. ಹಳೇ ಅಥೆನ್ಸಿನ ನಾಣ್ಯಗಳ ಮೇಲೂ ಅದರ ಚಿತ್ರವಿತ್ತು. ಅಲ್ಲಿಂದ ಯುರೋಪಿಗೆಲ್ಲ ಗೂಬೆ ಎಂದರೆ ಜಾಣತನ ಎಂದಾಯಿತು. ಅಷ್ಟೇಕೆ, ಬಂಗಾಳದಲ್ಲಿ ಅದು ಲಕ್ಷ್ಮಿಯ ವಾಹನ. ನಿಮ್ಮ ಮಗಳಿಗೆ ಈ ಕಥೆಯನ್ನು ಯಾರೂ ಹೇಳಿಲ್ಲ. ಅವಳ ತರ್ಕ ಸರಿ ಇದೆ, ಕೈಯಲ್ಲಿದ್ದ ಮಾಹಿತಿ ಸಾಲದಾಯಿತು. ಎರಡೂ ಬೇರೆ ಬೇರೆ ತೊಂದರೆ, ಅಲ್ವಾ?

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕನ್ನಡ ಶಾಲೆಗೆ ಹಾಕಿದ್ದು ತಪ್ಪಲ್ಲ. ಮಕ್ಕಳ ಮೊದಲ ಓದು ಮನೆಮಾತಿನಲ್ಲಿರಲಿ ಎಂದು ಯುನೆಸ್ಕೋ 1953ರಲ್ಲೇ ಹೇಳಿದೆ. ಆ ವರದಿ ಬಿಡಿ, ನನ್ನ ಕ್ಲಾಸಿನಲ್ಲೇ ಕಂಡದ್ದನ್ನು ಹೇಳುತ್ತೇನೆ. ಕನ್ನಡದಲ್ಲಿ ಚೆನ್ನಾಗಿ ಓದಿ ಬಂದ ಮಕ್ಕಳು ಎಂಟು, ಒಂಬತ್ತರಲ್ಲಿ ಒದ್ದಾಡುತ್ತಾರೆ, ಪದಗಳು ಸಾಲುವುದಿಲ್ಲ. ಆದರೆ ಪದ್ಯದ ಸಾಲಿನ ಹಿಂದೆ ಇನ್ನೊಂದು ಅರ್ಥ ಇರುತ್ತದೆ ಎನ್ನುವುದು ಅವರಿಗೆ ಆಗಲೇ ಗೊತ್ತಿರುತ್ತದೆ. ಮೊದಲಿಂದ ಇಂಗ್ಲಿಷ್ ಮೀಡಿಯಂನಲ್ಲಿದ್ದು ಎರಡು ಭಾಷೆಯಲ್ಲೂ ಓದುವ ಅಭ್ಯಾಸವಾಗದ ಮಕ್ಕಳಿಗೆ ಅದನ್ನು ಹೇಳಿಕೊಡುವುದೇ ಹೆಚ್ಚು ಕಷ್ಟ.

ನಿಮ್ಮ ಮಗಳನ್ನೇ ಕೇಳಿ ನೋಡಿ. ‘ತಲೆ ತಿನ್ನಬೇಡ’ ಅಂದರೆ ಏನು, ‘ಕಿವಿಗೆ ಹೂ ಇಟ್ಟ’ ಅಂದರೆ ಏನು ಅಂತ. ನಗುತ್ತಾಳೆ. ‘ನೂರು ಸಲ ಹೇಳಿದೀನಿ’ ಎಂದು ನೀವು ಗದರಿದಾಗ ಅವಳು ಲೆಕ್ಕ ಹಾಕಿರುವುದಿಲ್ಲ. ಇಂಗ್ಲಿಷ್‌ನವರು ಅದನ್ನೇ ಹೈಪರ್‌ಬಲಿ ಅನ್ನುತ್ತಾರೆ. ಕನ್ನಡ ವ್ಯಾಕರಣದಲ್ಲಿ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂದು ಹೋಲಿಕೆಯ ನಾಲ್ಕು ಭಾಗ ಓದುತ್ತಾರಲ್ಲ, ಅದು ಸಿಮಿಲಿಯನ್ನು, ಅಂದರೆ ಉಪಮೆಯನ್ನು ಬಿಚ್ಚಿ ನೋಡುವುದಕ್ಕೆ ಇಂಗ್ಲಿಷ್ ಪುಸ್ತಕ ಹೇಳಿಕೊಡುವ ದಾರಿಗಿಂತ ಚೆನ್ನಾಗಿದೆ. (ಸ್ಪೆಲ್ಲಿಂಗ್ ನೋಡಿ ಅರ್ಧ ಕ್ಲಾಸು ಅದನ್ನು ‘ಸ್ಮೈಲ್’ ಅಂತಲೇ ಓದುತ್ತದೆ. ನಾನೂ ಹೈಸ್ಕೂಲಿನಲ್ಲಿ ಹಾಗೇ ಓದುತ್ತಿದ್ದೆ.) ಮೆಟಫರ್ ಅಂದರೆ ರೂಪಕ. ಪಟಪಟ, ಜುಳುಜುಳು, ದಬದಬ ಎಂಬ ಅನುಕರಣ ಪದಗಳು ಕನ್ನಡದಲ್ಲಿ ಎಷ್ಟಿವೆ ಅಂದರೆ, ಓನೊಮಾಟೊಪಿಯಾ ಎಂಬ ನಾಲಿಗೆ ಹೊರಳದ ಹೆಸರು ಬಿಟ್ಟರೆ ಅದರಲ್ಲಿ ನಮ್ಮ ಮಕ್ಕಳಿಗೆ ಹೊಸದೇನೂ ಇಲ್ಲ.

ಆದರೆ ಕನ್ನಡದ ಹೆಸರುಗಳನ್ನು ಸಾರಾಸಗಟಾಗಿ ಆ ಕಡೆ ಸಾಗಿಸುವುದಕ್ಕೂ ಆಗುವುದಿಲ್ಲ. ಒಂದು ಗುಂಡಿಯಲ್ಲಿ ಪ್ರತಿ ವರ್ಷ ನಾಲ್ಕು ಮಕ್ಕಳಾದರೂ ಬೀಳುತ್ತಿದ್ದರು. ಆಡುಮಾತಿನಲ್ಲಿ ಉತ್ಪ್ರೇಕ್ಷೆ ಅಂದರೆ ಇದ್ದದ್ದನ್ನು ದೊಡ್ಡದು ಮಾಡಿ ಹೇಳುವುದು. ವ್ಯಾಕರಣದ ಉತ್ಪ್ರೇಕ್ಷಾಲಂಕಾರ ಅದಲ್ಲ. ಅಲ್ಲಿ ಒಂದು ವಸ್ತುವನ್ನು ನೋಡಿ ಇದು ಇನ್ನೊಂದೇ ಇರಬೇಕು ಎಂದು ಕಲ್ಪಿಸುತ್ತೇವೆ. ಹೈಪರ್‌ಬಲಿಗೆ ಹತ್ತಿರ ಇರುವುದು ಅತಿಶಯೋಕ್ತಿ. ಇದನ್ನು ಒಮ್ಮೆ ಹೇಳಿಬಿಟ್ಟರೆ ಸಾಕು, ಮತ್ತೆ ತಪ್ಪುವುದಿಲ್ಲ.

ಇನ್ನೊಂದು ಗುಂಡಿ ನಾವು ಮೇಷ್ಟ್ರುಗಳೇ ತೋಡಿದ್ದು. ‘ಲೈಕ್ ಅಥವಾ ಆ್ಯಸ್ ಕಂಡರೆ ಸಿಮಿಲಿ ಅಂತ ಬರಿ’ ಎಂದು ನಾನೂ ಸುಮಾರು ವರ್ಷ ಹೇಳಿಕೊಟ್ಟೆ, ಪಾಸಾಗಲಿ ಎಂದು. ಆಮೇಲೆ ಒಬ್ಬ ಹುಡುಗ ‘ಶೀ ಲುಕ್ಸ್ ಲೈಕ್ ಹರ್ ಮದರ್’ ಎನ್ನುವುದಕ್ಕೂ ಸಿಮಿಲಿ ಎಂದು ಬರೆದ. ಮಗಳು ಅಮ್ಮನ ಹಾಗೇ ಇದ್ದಾಳೆ ಅನ್ನುವುದು ಅಲಂಕಾರವಲ್ಲ, ಇದ್ದ ಸಂಗತಿ. ಬೇರೆ ಬೇರೆ ಜಾತಿಯ ಎರಡು ವಸ್ತುಗಳನ್ನು ಹಿಡಿದು ಒಂದು ಗುಣದಲ್ಲಿ ಸಮ ಮಾಡಿದಾಗಲೇ ಅದು ಸಿಮಿಲಿ. ಅವನ ತಪ್ಪಿಗೆ ಕಾರಣ ನನ್ನ ಶಾರ್ಟ್‌ಕಟ್ಟು.

ಹೆಸರು ಹುಡುಕುವುದನ್ನು ಸ್ವಲ್ಪ ದಿನ ಬಿಡಿಸಿ. ಸಾಲು ಬಂದ ಕೂಡಲೇ ಅವಳು ತಲೆಯಲ್ಲಿರುವ ಪಟ್ಟಿ ತಡಕುತ್ತಿದ್ದಾಳೆ, ಸಾಲು ಏನು ಹೇಳುತ್ತಿದೆ ಎಂದು ನೋಡುತ್ತಿಲ್ಲ. ಈ ಕೆಲಸಕ್ಕೆ ನಿಮಗೆ ಇಂಗ್ಲಿಷ್ ಬರಬೇಕಿಲ್ಲ, ಒಲೆ ಮುಂದೆ ನಿಂತೇ ಕನ್ನಡದಲ್ಲಿ ಕೇಳಬಹುದು. ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ? ಎರಡರಲ್ಲೂ ಸಮ ಇರುವುದು ಏನು? ಇದು ಹೊಗಳಿಕೆಯೋ, ಬೈಗುಳವೋ? ಮೂರನೆಯದು ಬಹಳ ಮುಖ್ಯ, ಗೂಬೆ ಕೈಕೊಟ್ಟದ್ದು ಅಲ್ಲೇ. ನಮ್ಮ ಕಾವ್ಯದಲ್ಲಿ ಹೆಣ್ಣನ್ನು ಗಜಗಮನೆ ಎಂದರೆ ಚೆಂದದ ನಡಿಗೆ, ಇಂಗ್ಲಿಷ್‌ನಲ್ಲಿ ಆನೆಯ ಹಾಗೆ ನಡೆಯುತ್ತಾಳೆ ಎಂದು ಹೇಳಿ ನೋಡಿ, ಮತ್ತೆ ಮಾತಾಡಿಸುವುದಿಲ್ಲ. ನಮ್ಮ ಬಿಸಿಲಿಗೆ ತಂಪು ಒಳ್ಳೆಯದು, ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ. ಚಳಿ ದೇಶದವರಿಗೆ ಬಿಸಿ ಒಳ್ಳೆಯದು, ‘ವಾರ್ಮ್ ವೆಲ್‌ಕಮ್’ ಅಂದರೆ ಪ್ರೀತಿಯ ಸ್ವಾಗತ, ‘ಕೋಲ್ಡ್’ ಮನುಷ್ಯ ಅಂದರೆ ಕರುಣೆ ಇಲ್ಲದವನು. ಅವರ ಪದ್ಯದಲ್ಲಿ ಬೇಸಿಗೆ ಬಂತೆಂದರೆ ಹಬ್ಬ, ರಾಯಚೂರಿನ ಹುಡುಗನಿಗೆ ಬೇಸಿಗೆ ಎಂದರೆ ಏನು ಅಂತ ನಾನು ಹೇಳಬೇಕಾ. ಇನ್ನು ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸ್ವಲ್ಪ ಸಹಾಯ ಮಾಡು. ನಮ್ಮಲ್ಲಿ ಕೈ ಕೊಟ್ಟವನು ನಡುನೀರಿನಲ್ಲಿ ಬಿಟ್ಟು ಹೋದವನು! ಹಾಗೆಂದು ಎಲ್ಲವೂ ಉಲ್ಟಾ ಅಲ್ಲ, ಮೂಗು ತೂರಿಸುವುದು ಎರಡು ಕಡೆಯೂ ಒಂದೇ. ಇಂಥ ಜೋಡಿಗಳಿಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ, ಹೊಂದುವುದು ಒಂದು ಕಡೆ, ಉಲ್ಟಾ ಹೊಡೆಯುವುದು ಇನ್ನೊಂದು ಕಡೆ. ಮಕ್ಕಳಿಗೆ ಈ ಆಟ ಹಿಡಿಸುತ್ತದೆ.

ಈಗ ಕಾಮಾ. ಉಸಿರು ನಿಲ್ಲುವ ಕಡೆ ಕಾಮಾ ಎನ್ನುವುದು ಪೂರ್ತಿ ಸುಳ್ಳೂ ಅಲ್ಲ. ಕ್ರಿ.ಪೂ. 200ರ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿದ್ದ ಬೈಜಾಂಟಿಯಂನ ಅರಿಸ್ಟೋಫನೀಸ್ ಎಂಬ ವಿದ್ವಾಂಸ ಗಟ್ಟಿಯಾಗಿ ಓದುವವರಿಗೆಂದು ಚುಕ್ಕಿಗಳನ್ನು ಇಟ್ಟ. ಎಲ್ಲಿ ಚೂರು ನಿಲ್ಲಬೇಕು, ಎಲ್ಲಿ ಜಾಸ್ತಿ ನಿಲ್ಲಬೇಕು ಎಂದು ಅವು ತೋರಿಸುತ್ತಿದ್ದವು. ಆಮೇಲೆ ಅಚ್ಚಿನ ಪುಸ್ತಕ ಬಂತು, ಜನ ಮನಸ್ಸಿನಲ್ಲೇ ಓದತೊಡಗಿದರು, ಚಿಹ್ನೆಗಳು ಉಸಿರು ಬಿಟ್ಟು ವಾಕ್ಯದ ಕಟ್ಟಿಗೆ ಅಂಟಿಕೊಂಡವು. ಈಗ ಇಂಗ್ಲಿಷ್‌ನಲ್ಲಿ ಕಾಮಾದ ಮುಖ್ಯ ಕೆಲಸ ಯಾವ ತುಂಡು ಯಾವುದಕ್ಕೆ ಸೇರಿದ್ದು ಎಂದು ತೋರಿಸುವುದು. ನಿಮ್ಮ ಮಗಳ ಉಸಿರಿಗೂ ಅದಕ್ಕೂ ಸಂಬಂಧ ಕಡಿಮೆ. ಅದರಲ್ಲೂ ಅವಳು ಇಂಗ್ಲಿಷನ್ನು ತಡವರಿಸಿ ಓದುತ್ತಿದ್ದರೆ ಉಸಿರು ಎಲ್ಲೆಂದರಲ್ಲಿ ನಿಲ್ಲುತ್ತದೆ, ಕಾಮಾನೂ ಅಲ್ಲೇ ಬೀಳುತ್ತದೆ.

ಇದರ ಕೆಳಗೆ ಇನ್ನೊಂದು ಕಾರಣ ಇದೆ, ಅದನ್ನು ಮೇಷ್ಟ್ರುಗಳು ಹೇಳುವುದು ಕಡಿಮೆ. ಇಂಗ್ಲಿಷ್‌ನಲ್ಲಿ ಚಿಹ್ನೆ ಮಾಡುವ ಎಷ್ಟೋ ಕೆಲಸವನ್ನು ಕನ್ನಡದಲ್ಲಿ ಪದದ ಬಾಲವೇ ಮಾಡಿಬಿಡುತ್ತದೆ. ‘ಬಂದಳಾ’ ಎಂದರೆ ಸಾಕು, ಪ್ರಶ್ನೆ ಅಂತ ಗೊತ್ತಾಯಿತು. ‘ಅಂತ’ ಬಂದರೆ ಇನ್ನೊಬ್ಬರ ಮಾತು ಮುಗಿಯಿತು ಎಂದು ಗೊತ್ತು. ‘ನಾಳೆ ಬರ್ತೀನಿ ಅಂತ ಹೇಳಿದಳು’ ಎಂಬಲ್ಲಿ ಬರುವವಳು ಯಾರು ಎಂಬ ಅನುಮಾನ ನಮಗಿಲ್ಲ. ಇದನ್ನೇ ಮಕ್ಕಳು ‘ಶೀ ಸೆಡ್ ದಟ್ ಐ ವಿಲ್ ಕಮ್’ ಎಂದು ಬರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಈಗ ಬರಬೇಕಾದವರು ಬರೆದವರೇ! ಒಂದೋ ಅವಳ ಮಾತನ್ನು ಇನ್‌ವರ್ಟೆಡ್ ಕಾಮಾದಲ್ಲಿ ಹಾಗೇ ಇಡಬೇಕು, ಇಲ್ಲವೇ ‘ಐ’ ಹೋಗಿ ‘ಶೀ’ ಆಗಬೇಕು.

ಕಾಮಾದ ದೊಡ್ಡ ತಪ್ಪಿನ ಬೇರೂ ಇಲ್ಲೇ ಇದೆ. ‘ಮಳೆ ಬರುತ್ತಿತ್ತು, ನಾವು ಹೋಗಲಿಲ್ಲ’ ಎಂದು ಕನ್ನಡದಲ್ಲಿ ಬರೆದರೆ ಯಾರೂ ಗೆರೆ ಎಳೆಯುವುದಿಲ್ಲ. ಈ ಉತ್ತರದಲ್ಲೇ ನಾನು ಎಷ್ಟು ಕಡೆ ಹಾಗೆ ಬರೆದಿದ್ದೇನೆ ನೋಡಿ. ಅದನ್ನೇ ‘ಇಟ್ ವಾಸ್ ರೈನಿಂಗ್’ ಎಂದು ಕಾಮಾ ಹಾಕಿ ‘ವಿ ಡಿಡ್ ನಾಟ್ ಗೋ’ ಎಂದರೆ ಇಂಗ್ಲಿಷ್ ಮೇಷ್ಟ್ರ ಕೆಂಪು ಪೆನ್ನು ಏಳುತ್ತದೆ. ಇದಕ್ಕೆ ನಾನು ಅಂಗೈ ಪರೀಕ್ಷೆ ಮಾಡಿಸುತ್ತಿದ್ದೆ. ಕಾಮಾದ ಎಡಗಡೆ ಇರುವುದನ್ನು ಕೈಯಿಂದ ಮುಚ್ಚು, ಬಲಗಡೆಯದು ಪೂರ್ತಿ ವಾಕ್ಯವಾ? ಈಗ ಬಲಗಡೆ ಮುಚ್ಚು, ಎಡಗಡೆಯದು ಪೂರ್ತಿಯಾ? ಎರಡೂ ತಮ್ಮ ಕಾಲ ಮೇಲೆ ನಿಂತರೆ ನಡುವೆ ಬರೀ ಕಾಮಾ ಸಾಲದು, ಫುಲ್‌ಸ್ಟಾಪ್ ಹಾಕು, ಇಲ್ಲ ‘ಸೋ’, ‘ಬಟ್’, ‘ಆ್ಯಂಡ್’ ತಂದು ಕೂರಿಸು. ಒಂದು ತಿಂಗಳು ಇದೊಂದನ್ನೇ ಮಾಡಿಸಿ, ಬೇರೆ ನಿಯಮ ಯಾವುದೂ ಬೇಡ.

ಅದಾದ ಮೇಲೆ ಬೇಕಿದ್ದರೆ ಇನ್ನೊಂದು. ‘ಮೈಸೂರಿನಲ್ಲಿರುವ ನನ್ನ ಅಣ್ಣ ಡ್ರೈವರ್’. ಇದರಲ್ಲಿ ನಿಮಗೆ ಒಬ್ಬನೇ ಅಣ್ಣನೋ, ಮೂವರಲ್ಲಿ ಮೈಸೂರಿನವನೋ? ಕನ್ನಡ ವಾಕ್ಯ ಅದನ್ನು ಹೇಳುವುದಿಲ್ಲ. ಇಂಗ್ಲಿಷ್ ಬರೀ ಕಾಮಾದಿಂದ ಹೇಳುತ್ತದೆ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರ್, ಈಸ್ ಎ ಡ್ರೈವರ್’ ಎಂದು ಎರಡು ಕಾಮಾ ಇದ್ದರೆ ಅಣ್ಣ ಒಬ್ಬನೇ, ಮೈಸೂರು ಸುಮ್ನೆ ಹೆಚ್ಚಿನ ಮಾಹಿತಿ. ಎರಡೂ ತೆಗೆದರೆ ಬೇರೆ ಅಣ್ಣಂದಿರೂ ಇದ್ದಾರೆ ಎಂದು ಸೂಚನೆ. ಎರಡು ಸಣ್ಣ ಗೆರೆಗೆ ಮನೆಯ ಜನಸಂಖ್ಯೆ ಬದಲಾಗುತ್ತದೆ ಎಂದರೆ ಮಕ್ಕಳು ಕಣ್ಣು ಬಿಡುತ್ತಾರೆ. ಅಪಾಸ್ಟ್ರಫಿಯ ಕಥೆ ಚಿಕ್ಕದು. ‘ಇಟ್ಸ್’ ಪದದಲ್ಲಿ ಹಾಕಿದರೆ ‘ಇಟ್ ಈಸ್’, ಹಾಕದಿದ್ದರೆ ‘ಅದರ’. ಬಹುವಚನಕ್ಕೆ ಅದು ಬೇಡ, ಅಂಗಡಿ ಬೋರ್ಡು ನೋಡಿ ಕಲಿಯಬಾರದು ಅಷ್ಟೇ.

ಪದಗಳ ವಿಷಯಕ್ಕೆ ಬಂದರೆ, ದಿನಕ್ಕೆ ಹತ್ತು ಪದ ನಿಲ್ಲಿಸಿ. ದಯವಿಟ್ಟು. ಡಿಕ್ಷನರಿ ಅಕಾರಾದಿಯಲ್ಲಿರುತ್ತದೆ, ಅದರಲ್ಲಿ ಬೇಕಾದ ಪದವೂ ಬೇಡವಾದ ಪದವೂ ಅಕ್ಕಪಕ್ಕ ಕೂತಿರುತ್ತವೆ. ಮೈಕಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಣ ತಜ್ಞ ಸುಮಾರು ನೂರು ವರ್ಷದ ಹಿಂದೆ ಢಾಕಾದಲ್ಲಿದ್ದ. ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪರದಾಡುವುದನ್ನು ನೋಡಿ, ಯಾವ ಪದ ಹೆಚ್ಚು ಬಳಕೆಯಲ್ಲಿದೆಯೋ ಅದನ್ನೇ ಮೊದಲು ಕಲಿಸಬೇಕು ಎಂದು ಹಟ ಹಿಡಿದ. 1953ರಲ್ಲಿ ಅವನು ಹೊರತಂದ ಪಟ್ಟಿಯಲ್ಲಿ ಸುಮಾರು 2000 ಮುಖ್ಯ ಪದಗಳಿದ್ದವು. ಸಾಧಾರಣ ಬರಹದಲ್ಲಿ ಬರುವ ಪದಗಳಲ್ಲಿ ಬಹುಪಾಲು ಅಷ್ಟರಿಂದಲೇ ಬಂದಿರುತ್ತವೆ. ನಿಮ್ಮ ಮಗಳಿಗೆ ಮೊದಲು ಬೇಕಾದದ್ದು ಅವು, ಡಿಕ್ಷನರಿಯ ಮೊದಲ ಪುಟದಲ್ಲಿರುವ ಪ್ರಾಣಿ ಪಕ್ಷಿಗಳಲ್ಲ.

ಪದ ಗೊತ್ತು ಅನ್ನುವುದಕ್ಕೂ ಹಲವು ಮಟ್ಟ ಇದೆ. ನಮಗೆ ‘ಜೋರು’ ಎಂಬ ಒಂದೇ ಪದ ಸಾಕು, ಜೋರು ಮಳೆ, ಜೋರು ಗಾಳಿ, ಜೋರು ಜ್ವರ. ಇಂಗ್ಲಿಷ್‌ನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’. ಹೆವಿ ಅಂದರೆ ಭಾರ ಎಂದು ಬರೆದುಕೊಂಡ ಮಗು ಈ ಮಳೆಯ ಮುಂದೆ ನಿಂತುಬಿಡುತ್ತದೆ. ಹಾಗಾಗಿ ಪದವನ್ನು ಒಂಟಿಯಾಗಿ ಬರೆಸಬೇಡಿ, ಅದರ ಜೊತೆಗಾರನ ಸಮೇತ ಬರೆಸಿ. ಇನ್ನೂ ಮೋಸದವು ಯಾವುವೆಂದರೆ ನಾವು ದಿನಾ ಬಳಸುವ ಇಂಗ್ಲಿಷ್ ಪದಗಳು. ನಮ್ಮ ‘ಹೋಟೆಲ್’ ದೋಸೆ ತಿನ್ನುವ ಜಾಗ, ಅವರದು ಉಳಿದುಕೊಳ್ಳುವ ಜಾಗ. ಕ್ಲಾಸಿನಲ್ಲಿ ‘ಸಾರ್ ಒಂದು ಡೌಟು’ ಅಂದರೆ ಅರ್ಥವಾಗಿಲ್ಲ, ಹೇಳಿಕೊಡಿ ಎಂದು. ಇಂಗ್ಲಿಷ್ ಕಥೆಯಲ್ಲಿ ಒಬ್ಬಳು ಡೌಟ್ ಮಾಡಿದಳು ಎಂದರೆ ನಂಬಲಿಲ್ಲ ಎಂದು. ‘ಸೀರಿಯಸ್’ ಅಂದ ಕೂಡಲೇ ನಮಗೆ ಆಸ್ಪತ್ರೆ ನೆನಪಾಗುತ್ತದೆ, ಪಾಠದಲ್ಲಿ ಅದು ಬರೀ ಗಂಭೀರ ಮುಖದ ಹುಡುಗ ಇರಬಹುದು. ಗೊತ್ತಿಲ್ಲದ ಪದ ಬಂದರೆ ಅವಳು ಡಿಕ್ಷನರಿ ನೋಡುತ್ತಾಳೆ, ಗೊತ್ತು ಅಂದುಕೊಂಡ ಪದವನ್ನು ನೋಡುವುದೇ ಇಲ್ಲ.

ಪಾಠದಿಂದಲೇ ದಿನಕ್ಕೆ ಮೂರು ಪದ ಸಾಕು. ಒಂದು ಕಡೆ ಪದ, ಹಿಂದೆ ಅದು ಬಂದ ವಾಕ್ಯ ಮತ್ತು ಕನ್ನಡದ ಅರ್ಥ ಬರೆದ ಚೀಟಿಗಳನ್ನು ಖಾಲಿ ಡಬ್ಬಿಯಲ್ಲಿ ಹಾಕಿಡಿ. ಇವತ್ತು ನೋಡಿದ್ದನ್ನು ನಾಳೆ, ಆಮೇಲೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ತೆಗೆಯಲಿ. ಒಂದೇ ಸಂಜೆ ಹತ್ತು ಸಲ ಬರೆಯುವುದಕ್ಕಿಂತ ಬಿಟ್ಟು ಬಿಟ್ಟು ನೋಡಿದ್ದು ನಿಲ್ಲುತ್ತದೆ, ಇದನ್ನು ಎಬ್ಬಿಂಗ್‌ಹೌಸ್ ಎಂಬ ಜರ್ಮನಿಯವನು 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದಾನೆ. ಮರೆಯುವುದು ನಿಮ್ಮ ಮಗಳೊಬ್ಬಳ ರೋಗ ಅಲ್ಲ.

ಇದರ ಜೊತೆ ಓದು ಬೇಕು, ಸುಲಭದ ಓದು. ಯಾರ ಸಹಾಯವೂ ಇಲ್ಲದೆ ಒಂದು ಬರಹ ಅರ್ಥವಾಗಬೇಕಾದರೆ ಅದರ ನೂರು ಪದಗಳಲ್ಲಿ ಸುಮಾರು 98 ಗೊತ್ತಿರಬೇಕು ಎಂಬುದು ಈ ಕ್ಷೇತ್ರದ ಸಂಶೋಧಕರ ಲೆಕ್ಕ. ಅವಳ ಪಠ್ಯಪುಸ್ತಕದ ಒಂದು ಪುಟ ತೆಗೆದು ಎಣಿಸಿ ನೋಡಿ, ನೂರಕ್ಕೆ ಹದಿನೈದು ಗೊತ್ತಿಲ್ಲದಿದ್ದರೆ ಅಲ್ಲಿ ಅಲಂಕಾರ ಹುಡುಕು ಎನ್ನುವುದು ಅನ್ಯಾಯ. ಐದನೇ ಕ್ಲಾಸಿನ ಮಟ್ಟದ ಕಥೆಗಳಿಂದ ಶುರು ಮಾಡಿಸಿ. ಒಂಬತ್ತನೆಯವಳಿಗೆ ಚಿಕ್ಕ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನ ಅನ್ನಿಸುತ್ತದೆ, ಅದೂ ನಿಜ. ನಾನು ಕಂಡ ಉಪಾಯ ಏನೆಂದರೆ ತಮ್ಮನಿಗೋ ಪಕ್ಕದ ಮನೆಯ ಮಗುವಿಗೋ ಓದಿ ಹೇಳು ಎಂದು ಕೊಡುವುದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ವೆಬ್‌ಸೈಟಿನಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಪುಕ್ಕಟೆ ಸಿಗುತ್ತವೆ. ಮೊದಲು ಕನ್ನಡದಲ್ಲಿ ಓದಿ ಆಮೇಲೆ ಅದೇ ಕಥೆಯನ್ನು ಇಂಗ್ಲಿಷ್‌ನಲ್ಲಿ ಓದಿದರೆ ಡಿಕ್ಷನರಿಯ ಅರ್ಧ ಕೆಲಸ ಕಥೆಯೇ ಮಾಡಿಕೊಡುತ್ತದೆ.

ಟ್ಯೂಷನ್ ಬಗ್ಗೆ ನನ್ನ ಅಭಿಪ್ರಾಯ ನೇರ. ಅಲ್ಲಿ ಓದುತ್ತಿರುವ ಒಂದು ಮಗುವಿನ ನೋಟ್‌ಬುಕ್ ನೋಡಿ. ಮಗು ತಾನೇ ಬರೆದದ್ದು, ಅದನ್ನು ತಿದ್ದಿದ್ದು ಇದ್ದರೆ ಹಾಕಿ. ಗೈಡಿನ ಉತ್ತರವನ್ನು ಇಳಿಸಿಕೊಂಡದ್ದೇ ಇದ್ದರೆ ಬೇಡ, ಅಂಕ ಒಂದು ವರ್ಷ ಏರಿ ಪಿಯುಸಿಯಲ್ಲಿ ದಬಕ್ಕನೆ ಬೀಳುತ್ತದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಿಂದ ಧೈರ್ಯ ಬರುತ್ತದೆ, ಪದ್ಯ ಅರ್ಥವಾಗುವುದಿಲ್ಲ. ಆ್ಯಪಿನಲ್ಲಿ ಪದದ ಆಟ ಚೆನ್ನಾಗಿರುತ್ತದೆ, ಆದರೆ ಕಾಮಾವನ್ನು ತಾನೇ ಸರಿಮಾಡಿಬಿಡುವ ಆ್ಯಪು ಅವಳಿಗೆ ಏನೂ ಕಲಿಸುವುದಿಲ್ಲ, ಯಾಕೆ ಸರಿಮಾಡಿತು ಎಂದು ಅವಳು ಬಾಯಿಬಿಟ್ಟು ಹೇಳುವ ಹಾಗಿದ್ದರೆ ಮಾತ್ರ ಇರಲಿ. ಮನೆಯಲ್ಲಿ ಇಂಗ್ಲಿಷೇ ಮಾತಾಡಬೇಕು ಅನ್ನುವ ನೆಂಟರಿಗೆ ಕಾಫಿ ಕೊಟ್ಟು ಕಳಿಸಿ. ಬಾರದ ಭಾಷೆಯಲ್ಲಿ ಮಾತಾಡಲು ಹೋದರೆ ನಿಮ್ಮ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ, ಮಗಳು ಶಾಲೆಯ ಸಂಗತಿ ಹೇಳುವುದನ್ನೇ ಬಿಡುತ್ತಾಳೆ. ಗೂಬೆಯ ಕಥೆ ನಿಮ್ಮವರೆಗೆ ಬಂದದ್ದೇ ಕನ್ನಡದಲ್ಲಿ, ಅಲ್ವಾ?

ಎರಡು ಸಂಗತಿ ವಿಚಾರಿಸಿ. ಒಂದು, ಎಸ್‌ಎಸ್‌ಎಲ್‌ಸಿಗೆ ಅವಳ ಇಂಗ್ಲಿಷ್ ಪ್ರಥಮ ಭಾಷೆಯೋ ದ್ವಿತೀಯ ಭಾಷೆಯೋ ಎಂದು ಶಾಲೆಯಲ್ಲಿ ಕೇಳಿ. ಪ್ರಥಮವಾದರೆ 125 ಅಂಕ, ದ್ವಿತೀಯವಾದರೆ 100. ಪಾಠದ ಭಾರವೂ ಬೇರೆ. ಯಾವುದೇ ಆದರೂ ಅಲಂಕಾರದ ಹೆಸರಿಗೆ ಸಿಗುವ ಅಂಕ ಚೂರೇ ಚೂರು, ಓದಿ ಅರ್ಥಮಾಡಿಕೊಂಡು ಸ್ವಂತ ಬರೆಯುವುದಕ್ಕೇ ಜಾಸ್ತಿ. ಇನ್ನೊಂದು, ಅವಳು ಕನ್ನಡ ಓದುವಾಗಲೂ ಅಕ್ಷರ ತಪ್ಪಿಸುತ್ತಾಳಾ, ಸಾಲು ಬಿಡುತ್ತಾಳಾ, ವಯಸ್ಸಿಗೆ ತೀರಾ ನಿಧಾನವಾ ಎಂದು ಗಮನಿಸಿ. ಹೌದಾದರೆ ವಿಷಯ ಬೇರೆ, ಕಲಿಕಾ ತೊಂದರೆ ಇದೆಯೇ ಎಂದು ಒಮ್ಮೆ ತೋರಿಸುವುದು ಒಳ್ಳೆಯದು, ನಿಮ್ಹಾನ್ಸ್‌ನಂಥ ಕಡೆ ಅದಕ್ಕೆ ಪರೀಕ್ಷೆ ಮಾಡುತ್ತಾರೆ. ನೀವು ಬರೆದದ್ದು ನೋಡಿದರೆ ಹಾಗೆ ಕಾಣುವುದಿಲ್ಲ.

ಆ ಉತ್ತರಪತ್ರಿಕೆಯನ್ನು ಬಿಸಾಡಿಲ್ಲ ತಾನೇ? ಮುಂದಿನ ಪೋಷಕರ ಸಭೆಗೆ ಅದನ್ನು ತೆಗೆದುಕೊಂಡು ಹೋಗಿ, ಅಂಕ ಕೇಳಲು ಅಲ್ಲ. ‘ಇವಳು ಹೀಗೆ ಯಾಕೆ ಬರೆದಳು ಅಂದರೆ’ ಎಂದು ಟೀಚರಿಗೆ ಹೇಳಿ, ಅಷ್ಟು ಸಾಕು. ಮಗಳಿಗೆ ಈ ವಾರದ ಕೆಲಸ ಒಂದೇ, ‘ಗೂಬೆ ಕೂರಿಸು’ ಎನ್ನುವುದನ್ನು ಕನ್ನಡ ಗೊತ್ತಿಲ್ಲದ ಇಂಗ್ಲಿಷ್ ಹುಡುಗಿಗೆ ಹೇಗೆ ವಿವರಿಸುತ್ತೀಯಾ ಎಂದು ನಾಲ್ಕು ವಾಕ್ಯದಲ್ಲಿ ಬರೆಯಲಿ, ಪ್ರತಿ ಕಾಮಾಕ್ಕೂ ಅಂಗೈ ಪರೀಕ್ಷೆ ಮಾಡಿ. ಬರೆದದ್ದನ್ನು ನನಗೂ ಕಳಿಸಿ, ತಿದ್ದಿ ಕೊಡುತ್ತೇನೆ.